ಕ್ರಿಸ್ತೀನಾ ಮತ್ತೆ ಗೆದ್ದಳು

5 ಜುಲೈ 2025, ಶನಿವಾರ

ಈ ವಾರ ಇಟಲಿಯಿಂದ ಬಂದ ಒಂದು ಸುದ್ದಿ ಓದಿ ಮನಸ್ಸು ತುಂಬಿ ಬಂತು. ಕ್ರಿಸ್ತೀನಾ ಪ್ಲೆವಾನಿ ‘ಲೀಸೊಲಾ ದೇಯಿ ಫಮೋಸಿ’ (ಖ್ಯಾತರ ದ್ವೀಪ) ಎಂಬ ಟೀವಿ ರಿಯಾಲಿಟಿ ಆಟ ಗೆದ್ದಿದ್ದಾಳೆ. ಹೊಂಡುರಾಸ್‌ನ ಕಡಲತೀರದಲ್ಲಿ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಕಳೆಯಬೇಕಾದ ಆಟ ಅದು. ಐವತ್ತು ದಾಟಿದ ಹೆಣ್ಣುಮಗಳು ಅದನ್ನು ಗೆದ್ದಳು ಅನ್ನುವುದೇ ದೊಡ್ಡದು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ: ಇಟಲಿಯ ಮೊಟ್ಟಮೊದಲ ಬಿಗ್ ಬ್ರದರ್ (ನಮ್ಮ ಬಿಗ್ ಬಾಸ್‌ನ ಮೂಲ ಆಟ) ಗೆದ್ದವಳೂ ಇವಳೇ. ನಡುವೆ ಕಾಲು ಶತಮಾನ.

ಅಲ್ಲಿ ಅದರ ಹೆಸರು ‘ಗ್ರಾಂದೆ ಫ್ರಾತೆಲ್ಲೊ’. 2000ದ ಸೆಪ್ಟೆಂಬರ್ 14ರಂದು ಕನಾಲೆ 5 ವಾಹಿನಿಯಲ್ಲಿ ಶುರುವಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಈ ಆಟ ಹುಟ್ಟಿ ಆಗಿನ್ನೂ ಒಂದೇ ವರ್ಷ. ರೋಮ್‌ನ ಸಿನಿಮಾ ನಗರಿ ಚಿನೆಚಿತ್ತಾದಲ್ಲಿ ಮನೆ, ಒಳಗೆ ಹತ್ತು ಜನ, 99 ದಿನ. ನಿರೂಪಣೆ ಪತ್ರಕರ್ತೆ ದಾರಿಯಾ ಬಿನ್ಯಾರ್ದಿಯದು. ಗೆದ್ದವರಿಗೆ 25 ಕೋಟಿ ಲೀರಾ. ಕೇಳಲು ಭಾರಿ ಮೊತ್ತ, ಯೂರೋಗೆ ತಂದರೆ ಸುಮಾರು 1,29,000 ಅಷ್ಟೇ.

ಆ ಹತ್ತು ಜನರಲ್ಲಿ ನಾನು ಇವತ್ತಿಗೂ ಮೆಚ್ಚುವುದು ಅವರ ಅರಿಯದತನವನ್ನು. ಕ್ಯಾಮೆರಾ ಮುಂದೆ ಹೇಗಿರಬೇಕು ಅಂತ ನೋಡಿ ಕಲಿಯಲು ಅವರ ಭಾಷೆಯಲ್ಲಿ ಹಿಂದಿನ ಸೀಸನ್ ಎಂಬುದೇ ಇರಲಿಲ್ಲ. ಸಿಸಿಲಿಯ ಪಿಜ್ಜಾ ಮಾಡುವ ಸಾಲ್ವೊ, ಎಂಜಿನಿಯರಿಂಗ್ ಓದಿದ ರೊಕ್ಕೊ ಕಸಾಲಿನೊ, ಈಸೆಯೊ ಸರೋವರದ ಕಡೆಯಿಂದ ಬಂದ, ಈಜುಕೊಳದಲ್ಲಿ ದುಡಿಯುತ್ತಿದ್ದ ಕ್ರಿಸ್ತೀನಾ. ಊರಲ್ಲಿ ಬಿಟ್ಟರೆ ಬೇರೆಲ್ಲೂ ಯಾರಿಗೂ ಗೊತ್ತಿಲ್ಲದವರು. ನಮ್ಮ ಬಿಗ್ ಬಾಸ್ 2013ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾದಾಗ ಹಾಗಿರಲಿಲ್ಲ. ಸುದೀಪ್ ಪರಿಚಯಿಸಿದ ಮುಖಗಳಲ್ಲಿ ಎಷ್ಟೋ ನಮಗೆ ಮೊದಲೇ ಪರಿಚಯ. ಗೆದ್ದ ವಿಜಯ್ ರಾಘವೇಂದ್ರ ಅವರನ್ನಂತೂ ಬಾಲನಟನಾಗಿದ್ದಾಗಿನಿಂದ ನೋಡಿಕೊಂಡು ಬಂದಿದ್ದೆವು. ಒಂದೇ ಬೀಜದ ಎರಡು ಗಿಡ, ಮಣ್ಣು ಮಾತ್ರ ಬೇರೆ.

ಆ ಮನೆಯಲ್ಲಿ ಕ್ರಿಸ್ತೀನಾಳಿಗೆ ಪಿಯೆತ್ರೊ ತರಿಕೋನೆ ಮೇಲೆ ಮನಸ್ಸಾಯಿತು. ಕಸೆರ್ತಾ ಕಡೆಯ ಹುಡುಗ, ಕಟ್ಟುಮಸ್ತು ಮೈ, ಚುರುಕು ಮಾತು. ಇಬ್ಬರೂ ಕ್ಯಾಮೆರಾಗಳಿಂದ ತಪ್ಪಿಸಿಕೊಳ್ಳಲು ಪರದೆ ಎಳೆದುಕೊಂಡರು. ದೇಶವೆಲ್ಲ ಆ ಪರದೆಯನ್ನೇ ದಿಟ್ಟಿಸಿ ಕೂತಿತು. ಆಮೇಲೆ ಅವನ ಒಲವು ತಣ್ಣಗಾಯಿತು, ಅವಳದು ಆಗಲಿಲ್ಲ. ಹೊರಗೆ ಹೋಗುವಂತಿಲ್ಲ, ಗೆಳತಿಗೆ ಫೋನ್ ಮಾಡಿ ಅಳುವಂತಿಲ್ಲ, ಬೆಳಗ್ಗೆ ಎದ್ದರೆ ಅದೇ ಮುಖ ಅದೇ ಅಡುಗೆಮನೆಯಲ್ಲಿ. ಇಂಥ ನೋವನ್ನು ಕಾರ್ಯಕ್ರಮದ ಸರಕು ಮಾಡಿಕೊಂಡದ್ದು ನನಗೆ ಈಗಲೂ ಒಪ್ಪಿಗೆಯಿಲ್ಲ. ಅವಳು ಮಾತ್ರ ಬಾಗಿಲು ತೆಗೆಸಿಕೊಂಡು ಹೊರಟುಹೋಗಲಿಲ್ಲ. ಡಿಸೆಂಬರ್ 21ರ ಕೊನೆಯ ರಾತ್ರಿಯವರೆಗೂ ಉಳಿದಳು, ಸಾಲ್ವೊ ಮತ್ತು ಪಿಯೆತ್ರೊ ಇಬ್ಬರನ್ನೂ ಹಿಂದೆ ಹಾಕಿ ಗೆದ್ದಳು. ಆ ರಾತ್ರಿ ನೋಡಿದವರು ಸುಮಾರು 1.6 ಕೋಟಿ ಜನ. ಇಟಲಿಯ ಜನಸಂಖ್ಯೆ ಆಗ ಆರು ಕೋಟಿಯೂ ಇರಲಿಲ್ಲ!

ಗೆದ್ದವಳು ಅವಳು, ಹೆಸರು ಉಳಿದದ್ದು ಬೇರೆಯವರದು. ಪಿಯೆತ್ರೊ ನಟನಾದ, ಆ ಮನೆಯ ಹೆಸರಿನ ಮೇಲೇ ಬದುಕಬಾರದೆಂದು ಹಟ ಹಿಡಿದು ನಟನೆ ಕಲಿತ. 2010ರ ಜೂನ್‌ನಲ್ಲಿ ತೆರ್ನಿಯಲ್ಲಿ ಪ್ಯಾರಾಶೂಟ್ ಜಿಗಿತದ ಅಪಘಾತ, 29ರಂದು ತೀರಿಕೊಂಡ. ಇನ್ನೂ 35. ಪುಟ್ಟ ಮಗಳಿದ್ದಳು. ಅವನು ಹೋಗಿ 15 ವರ್ಷ ತುಂಬಿದ ವಾರದಲ್ಲೇ ಕ್ರಿಸ್ತೀನಾ ಮತ್ತೆ ಗೆದ್ದದ್ದು. ರೊಕ್ಕೊ ಪ್ರಧಾನಿ ಜುಸೆಪ್ಪೆ ಕೊಂತೆಯವರ ವಕ್ತಾರನಾಗಿ 2018ರಲ್ಲಿ ಸರ್ಕಾರದ ಒಳಮನೆಗೇ ಹೋದ.

ಕ್ರಿಸ್ತೀನಾ? ಕೆಲಕಾಲ ಟೀವಿ, ಆಮೇಲೆ ಈಜು ಕಲಿಸುವ ಕೆಲಸ, ಸೂಪರ್‌ಮಾರ್ಕೆಟ್‌ನ ಕ್ಯಾಶ್ ಕೌಂಟರ್. ಇದನ್ನು ‘ಹೇಗಿದ್ದವಳು ಹೇಗಾದಳು’ ಎಂಬ ಧಾಟಿಯಲ್ಲಿ ಬರೆಯುವವರನ್ನು ಕಂಡರೆ ಸಿಟ್ಟು ಬರುತ್ತದೆ. ಎದ್ದು, ಬಟ್ಟೆ ಹಾಕಿಕೊಂಡು, ಕೆಲಸಕ್ಕೆ ಹೋಗಿ ಸಂಬಳ ತರುವುದು ಬೀಳುವುದು ಹೇಗಾಗುತ್ತದೆ? ದೇಶದ ಕಾಲು ಭಾಗಕ್ಕಿಂತ ಹೆಚ್ಚು ಜನ ಕಣ್ಣಿಟ್ಟು ನೋಡಿದ ಮೇಲೆ ಮತ್ತೆ ಮಾಮೂಲಿ ಬದುಕಿಗೆ ಹೊಂದಿಕೊಳ್ಳಲು ಎಂಥ ಗಟ್ಟಿ ಮನಸ್ಸು ಬೇಕು! ನನ್ನ ಲೆಕ್ಕದಲ್ಲಿ ದ್ವೀಪಕ್ಕೆ ಹೋಗುವ ಮೊದಲೇ ಅವಳು ಗೆದ್ದಿದ್ದಳು.

ಬರುವ ಸೆಪ್ಟೆಂಬರ್‌ಗೆ ಆ ಮೊದಲ ಸೀಸನ್‌ಗೆ 25 ತುಂಬುತ್ತದೆ. ಹಳೆಯ ತುಣುಕುಗಳು ಮತ್ತೆ ಹೊರಬರುವುದು ಖಂಡಿತ. ಆ ಪರದೆಯನ್ನು ಇನ್ನೊಮ್ಮೆ ತೋರಿಸುವುದು ಬೇಡ. ಅವಳನ್ನೇ ಕರೆದು ಕೂರಿಸಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾತಾಡಲು ಬಿಡಲಿ.