ಮ್ಯೂನಿಕ್‌ಗೆ ಹೊರಡುವ ಮುನ್ನ ಒಂದು ಡೊಂಕು ಗೆರೆ

ಬರುವ ಶುಕ್ರವಾರ ರಾತ್ರಿ ನಾನು ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೊರಡುತ್ತಿದ್ದೇನೆ. ಬೆಸ ಸಂಖ್ಯೆಯ ವರ್ಷಗಳ ಜೂನ್ ತಿಂಗಳಿನಲ್ಲಿ ಅಲ್ಲಿ ನಡೆಯುವ ಕ್ಲಿಯೋ ಯುರೋಪ್ ಸಮ್ಮೇಳನವು ಲೇಸರ್ ಮತ್ತು ದ್ಯುತಿವಿಜ್ಞಾನದವರು ಸೇರುವ ಅತಿ ದೊಡ್ಡ ಸಭೆಗಳಲ್ಲಿ ಒಂದು. ರೀಮ್ ಎಂಬಲ್ಲಿದ್ದ ಹಳೆಯ ವಿಮಾನ ನಿಲ್ದಾಣವನ್ನು 1992ರಲ್ಲಿ ಮುಚ್ಚಿದ ಮೇಲೆ ಆ ಜಾಗದಲ್ಲಿ ಕಟ್ಟಿದ ವಿಶಾಲವಾದ ವಸ್ತುಪ್ರದರ್ಶನ ಆವರಣದಲ್ಲಿ ಈ ಸಮ್ಮೇಳನ ನಡೆಯುತ್ತದೆ. 1973ರಿಂದ ನಡೆದು ಬಂದಿರುವ ಲೇಸರ್ ಉದ್ಯಮದ ಮೇಳವೂ ಅದೇ ವಾರ ಪಕ್ಕದ ಸಭಾಂಗಣಗಳಲ್ಲಿ ಇರುತ್ತದೆ. ನಾನು ಪಿಎಚ್‌.ಡಿ.ಯ ನಾಲ್ಕನೆಯ ವರ್ಷದಲ್ಲಿದ್ದೇನೆ, ಇದು ನನ್ನ ಮೊದಲ ವಿದೇಶ ಪ್ರಯಾಣ. ಸಿದ್ಧತೆ ಎಂದರೆ ವೀಸಾ, ಟಿಕೆಟ್, ಒಂದು ಒಳ್ಳೆಯ ಕೋಟು ಎಂದುಕೊಂಡಿದ್ದ ನನ್ನ ಎರಡು ತಿಂಗಳುಗಳಲ್ಲಿ ಬಹುಪಾಲನ್ನು ನುಂಗಿದ್ದು ಒಂದೇ ಒಂದು ಗ್ರಾಫ್.

ಅದಕ್ಕೂ ಮೊದಲು ಹೆಸರಿನ ತಾಪತ್ರಯವನ್ನು ಹೇಳಿಬಿಡುತ್ತೇನೆ, ಏಕೆಂದರೆ ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮ ಕಡೆಯವರೆಲ್ಲರಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಶಾಲೆಯ ದಾಖಲೆಯಲ್ಲಿ ನನ್ನ ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಅಕ್ಷರವಿದೆ; ಪಾಸ್‌ಪೋರ್ಟಿನಲ್ಲಿ ಆ ಎರಡೂ ಅಕ್ಷರಗಳು ಪೂರ್ತಿ ಹೆಸರಾಗಿ ಬಿಡಿಸಿಕೊಂಡು ಕುಲನಾಮದ ಜಾಗದಲ್ಲಿ ಕುಳಿತಿವೆ; ನಾವು ಕಳುಹಿಸಿದ ಒಂದು ಪುಟದ ಸಾರಾಂಶದಲ್ಲಿ ಮಾತ್ರ ನಾನು ಒಂದೇ ಇನಿಷಿಯಲ್‌ನ ಮನುಷ್ಯಳು. ವೀಸಾ ಅರ್ಜಿಗೆ ಬೇಕಾದ ಆಹ್ವಾನಪತ್ರವು ಸಾರಾಂಶದಲ್ಲಿದ್ದ ಹೆಸರಿನಲ್ಲಿಯೇ ಬಂದದ್ದರಿಂದ ಅದನ್ನು ತಿದ್ದಿಸಿ ತರಿಸಿಕೊಳ್ಳುವಷ್ಟರಲ್ಲಿ ಹನ್ನೊಂದು ದಿನ ಕಳೆದವು. ಉಳಿದ ಕಾಗದಗಳು, ಅಂದರೆ ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ, ಬ್ಯಾಂಕಿನ ವಿವರ, ಸಂಸ್ಥೆಯ ಪತ್ರ, ಎಲ್ಲವೂ ಸುಲಭವಾಗಿಯೇ ಒದಗಿದವು. ಮುಂದೆ ಹೋಗುವವರು ಸಮ್ಮೇಳನಕ್ಕೆ ಹೆಸರು ನೋಂದಾಯಿಸುವ ದಿನವೇ ಪಾಸ್‌ಪೋರ್ಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳಿತು.

ಇನ್ನು ಗ್ರಾಫಿನ ವಿಷಯ. ನನ್ನ ಕೆಲಸ ಇಟರ್ಬಿಯಂ ಎಂಬ ಲೋಹಧಾತುವನ್ನು ಬೆರೆಸಿದ ಗಾಜಿನ ಫೈಬರ್‌ನಿಂದ 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೆಳಕನ್ನು ಪಡೆಯುವುದು. ಅದಕ್ಕೆ ಶಕ್ತಿ ತುಂಬುವುದು 976 ನ್ಯಾನೋಮೀಟರಿನ ಡಯೋಡ್. ಅದನ್ನು ನಾವು ಪಂಪ್ ಎನ್ನುತ್ತೇವೆ. ಪಂಪಿನ ಶಕ್ತಿಯನ್ನು ಅಡ್ಡ ಅಕ್ಷದಲ್ಲಿಯೂ ಹೊರಬಂದ ಲೇಸರ್ ಶಕ್ತಿಯನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿದರೆ, ಒಂದು ಹೊಸ್ತಿಲು ದಾಟಿದ ಮೇಲೆ ಬಿಂದುಗಳು ನೇರ ಗೆರೆಯಲ್ಲಿ ಮೇಲೇರಬೇಕು, ಆ ಗೆರೆಯ ಇಳಿಜಾರೇ ಲೇಸರಿನ ದಕ್ಷತೆ. ಪಂಪಿನ ಪ್ರತಿಯೊಂದು ಫೋಟಾನ್, ಅಂದರೆ ಬೆಳಕಿನ ಕಣ, ಒಂದು ಲೇಸರ್ ಫೋಟಾನ್ ಆದರೂ, 976 ಮತ್ತು 1064ರ ಅನುಪಾತದಿಂದಾಗಿ ಅದು ಸುಮಾರು ಶೇಕಡಾ 92ನ್ನು ಮೀರಲಾರದು.

ನನಗೆ ಸಿಕ್ಕಿರುವ ಅವಧಿ ಪ್ರಶ್ನೋತ್ತರವೂ ಸೇರಿ 15 ನಿಮಿಷ. ಏಪ್ರಿಲ್ ಕೊನೆಯಲ್ಲಿ ಲ್ಯಾಬಿನವರ ಮುಂದೆ ಮೊದಲ ಬಾರಿ ಮಾತನಾಡಿ ತೋರಿಸಿದಾಗ ಹದಿನೆಂಟು ಸ್ಲೈಡುಗಳು, ಇಪ್ಪತ್ತೆರಡು ನಿಮಿಷಗಳು ಹಿಡಿದವು. ಗೈಡ್ ಮೇಡಂ ಸ್ಲೈಡುಗಳನ್ನು ಕಡಿಮೆ ಮಾಡಲು ಹೇಳುತ್ತಿದ್ದಂತೆ, ಹಿಂದಿನ ಸಾಲಿನಲ್ಲಿದ್ದ ಮೊದಲ ವರ್ಷದ ಹುಡುಗ, "ಅಕ್ಕಾ, ಆ ಗೆರೆ ಶುರುವಿನಲ್ಲಿ ಯಾಕೆ ಡೊಂಕಾಗಿದೆ?" ಎಂದು ಕೇಳಿದ. ನಿಜ, ಕೆಳಗಿನ ನಾಲ್ಕು ಬಿಂದುಗಳು ನೇರ ಗೆರೆಗಿಂತ ಕೆಳಗೆ ಜೋತುಬಿದ್ದಿದ್ದವು. ಕಡಿಮೆ ಶಕ್ತಿಯಲ್ಲಿ ನಮ್ಮ ಪವರ್ ಮೀಟರ್ ಅಷ್ಟು ನಿಖರವಾಗಿ ತೋರಿಸುವುದಿಲ್ಲ ಎಂದು ನಾನು ಉತ್ತರಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು ಎಂಬುದು ಹೇಳುವಾಗಲೇ ನನಗೆ ಗೊತ್ತಿತ್ತು. ಮೇಡಂ ಏನೂ ಹೇಳದೆ ನನ್ನ ಮುಖ ನೋಡಿದರು.

ಮಾರನೆಯ ದಿನ ಪವರ್ ಮೀಟರನ್ನು ಬದಲಿಸಿ ನೋಡಿದೆ. ಡೊಂಕು ಅಲ್ಲಿಯೇ ಇತ್ತು. ಆಮೇಲೆ ಪಂಪ್ ಡಯೋಡಿನ ಬೆಳಕನ್ನೇ, ಅದರಲ್ಲಿ ಯಾವ ತರಂಗಾಂತರ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಂ ಅನಲೈಸರ್‌ಗೆ ಕೊಟ್ಟಾಗ ಕಾರಣ ಕಣ್ಣಿಗೆ ಬಿತ್ತು. ಇಂಥ ಡಯೋಡಿನ ತರಂಗಾಂತರ ಉಷ್ಣತೆ ಒಂದು ಡಿಗ್ರಿ ಏರಿದರೆ ಸುಮಾರು 0.3 ನ್ಯಾನೋಮೀಟರಿನಷ್ಟು ಸರಿಯುತ್ತದೆ. ತಳದ ತಟ್ಟೆಯನ್ನು 25 ಡಿಗ್ರಿಯಲ್ಲಿ ಹಿಡಿದಿಟ್ಟರೂ ವಿದ್ಯುತ್ ಹೆಚ್ಚಿದಂತೆ ಒಳಗಿನ ಚಿಪ್ ಬಿಸಿಯಾಗುತ್ತದೆ. ಆದುದರಿಂದ ನಮ್ಮ ಡಯೋಡು ಪೂರ್ತಿ ವಿದ್ಯುತ್ತಿನಲ್ಲಿ ಮಾತ್ರ 976ರಲ್ಲಿದ್ದು, ಕಡಿಮೆ ವಿದ್ಯುತ್ತಿನಲ್ಲಿ 971ರ ಹತ್ತಿರ ಇರುತ್ತಿತ್ತು. ಇಟರ್ಬಿಯಂ 976ರಲ್ಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆಯಾದರೂ ಆ ಶಿಖರ ಬಲು ಕಿರಿದು, ಕೆಲವೇ ನ್ಯಾನೋಮೀಟರ್ ಆಚೀಚೆ ಸರಿದರೆ ಹೀರಿಕೆ ಕುಸಿಯುತ್ತದೆ. (915ರಲ್ಲಿ ಇನ್ನೊಂದು ಶಿಖರವಿದೆ. ಅದು ಅಗಲವಾಗಿರುವುದರಿಂದ ಉಷ್ಣತೆಯ ತಕರಾರಿಲ್ಲ, ಆದರೆ ಎತ್ತರ ಕಡಿಮೆಯಾದ ಕಾರಣ ಫೈಬರ್ ಉದ್ದ ಬೇಕಾಗುತ್ತದೆ.) ತೋಟಕ್ಕೆ ಬಿಟ್ಟ ನೀರನ್ನು ಲೆಕ್ಕ ಹಾಕಿ, ಬೇರಿಗೆ ಇಳಿದದ್ದೆಷ್ಟು ಎಂದು ನೋಡದೆಯೇ ಮರದ ಇಳುವರಿಯನ್ನು ದೂರಿದಂತೆ, ನಾನು ಫೈಬರಿಗೆ ಕೊಟ್ಟ ಪಂಪ್ ಶಕ್ತಿಯನ್ನು ಅಡ್ಡ ಅಕ್ಷದಲ್ಲಿಟ್ಟು ಹೀರಿಕೊಳ್ಳದೆ ಆಚೆ ತುದಿಯಿಂದ ಹೊರಗೆ ಹೋದದ್ದನ್ನು ಮರೆತಿದ್ದೆ.

ಪರಿಹಾರ ಸರಳ, ಕೆಲಸ ಮಾತ್ರ ನಿಧಾನ. ಫೈಬರಿನ ತುದಿಯಲ್ಲಿ 1064ನ್ನು ಒಂದು ಕಡೆಗೂ ಉಳಿದ ಪಂಪನ್ನು ಇನ್ನೊಂದು ಕಡೆಗೂ ಕಳುಹಿಸುವ ಡೈಕ್ರೊಯಿಕ್ ಕನ್ನಡಿಯನ್ನು ಇಟ್ಟು, ಪ್ರತಿ ಬಿಂದುವಿನಲ್ಲಿಯೂ ಡಯೋಡು ಒಂದು ಸ್ಥಿತಿಗೆ ಬರುವವರೆಗೆ ಕಾದು, ಹದಿನಾಲ್ಕು ಬಿಂದುಗಳನ್ನು ಮೂರು ಬಾರಿ ಅಳೆದೆ. ನಡುವೆ ಒಂದು ಮಧ್ಯಾಹ್ನ ಮಳೆಗೆ ವಿದ್ಯುತ್ ಹೋಗಿ ಅರ್ಧ ದಿನದ ಅಳತೆ ವ್ಯರ್ಥವಾಯಿತು. ಹೀರಿಕೊಂಡ ಶಕ್ತಿಯನ್ನು ಅಕ್ಷದಲ್ಲಿಟ್ಟು ಬರೆದಾಗ ಹದಿನಾಲ್ಕೂ ಬಿಂದುಗಳು ಸಾಲಿಗೆ ಬಂದು ನಿಂತವು. ಈಗ ನನ್ನ ಬಳಿ ಒಂಬತ್ತು ಸ್ಲೈಡುಗಳಿವೆ. ಹಳೆಯ ಡೊಂಕು ಗೆರೆ ಮತ್ತು ಹೊಸ ನೇರ ಗೆರೆ ಒಂದೇ ಸ್ಲೈಡಿನಲ್ಲಿ ಅಕ್ಕಪಕ್ಕದಲ್ಲಿವೆ. ಹಳೆಯದನ್ನು ತೆಗೆದುಬಿಡು ಎಂದು ಇಬ್ಬರು ಸ್ನೇಹಿತರು ಹೇಳಿದರೂ ನಾನು ಉಳಿಸಿಕೊಂಡಿದ್ದೇನೆ, ಏಕೆಂದರೆ ಸಾರಾಂಶದಲ್ಲಿ ಅಚ್ಚಾಗಿರುವುದು ಡೊಂಕು ಗೆರೆಯೇ.

ಕಾರ್ಯಕ್ರಮ ಪಟ್ಟಿಯನ್ನು ಓದುವುದೂ ಒಂದು ಕೆಲಸವೇ ಆಯಿತು. ಹಲವು ಕೊಠಡಿಗಳಲ್ಲಿ ಏಕಕಾಲಕ್ಕೆ ಗೋಷ್ಠಿಗಳು ನಡೆಯುವುದರಿಂದ ಒಂದನ್ನು ಕೇಳುವುದೆಂದರೆ ಉಳಿದವನ್ನು ಬಿಡುವುದೆಂದೇ ಅರ್ಥ. ಫೈಬರ್ ಲೇಸರುಗಳ ವಿಭಾಗದ ಸಂಕೇತ ಸಿಜೆ. ಅದರ ಎಲ್ಲ ಗೋಷ್ಠಿಗಳಿಗೂ ಹೋಗಬೇಕೆಂದು ಮೊದಲು ಗುರುತು ಹಾಕಿಕೊಂಡಿದ್ದೆ, ಈಗ ಅರ್ಧವನ್ನು ಅಳಿಸಿ ಆವರ್ತನ ಬಾಚಣಿಗೆಗಳ, ಅಂದರೆ ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದ ಆವರ್ತನಗಳಿರುವ ಲೇಸರ್ ಬೆಳಕಿನ, ‘ಇಡಿ’ ಎಂಬ ಸಂಕೇತದ ವಿಭಾಗಕ್ಕೆ ಜಾಗ ಮಾಡಿದ್ದೇನೆ. ಆ ಬಾಚಣಿಗೆಯ ಕೆಲಸಕ್ಕೆ 2005ರಲ್ಲಿ ನೊಬೆಲ್ ಪಡೆದವರಲ್ಲೊಬ್ಬರಾದ ಹೆನ್ಷ್ ಅವರ ಪ್ರಯೋಗಾಲಯ ಇದ್ದದ್ದು ಮ್ಯೂನಿಕ್ ಪಕ್ಕದ ಗಾರ್ಶಿಂಗ್‌ನಲ್ಲಿ. ಸಿಜೆ ಸಾರಾಂಶಗಳನ್ನು ಓದುವಾಗ ಇನ್ನೊಂದು ಸಂಗತಿಗೆ ನಗು ಬಂತು. ಬೆಂಗಳೂರಿನಲ್ಲಿ ನಾವು ಗೌರವದಿಂದ ಹೇಳುವ ರಾಮನ್ ಅವರ ಹೆಸರು ಅಲ್ಲಿ ಬಹಳಷ್ಟು ಕಡೆ ಪೀಡೆಯೆಂಬಂತೆ ಬರುತ್ತದೆ: ಶಕ್ತಿ ಅತಿಯಾದಾಗ 1064ರ ಬೆಳಕನ್ನು ರಾಮನ್ ಚದುರುವಿಕೆ 1116ರ ಆಸುಪಾಸಿಗೆ ಎಳೆದೊಯ್ಯುವುದರಿಂದ, ಅದನ್ನು ತಡೆಯುವುದೇ ಎಷ್ಟೋ ಜನರ ಸಂಶೋಧನೆಯಾಗಿದೆ.

ಮೇಳ ಆರಂಭವಾಗುವುದು ಮಂಗಳವಾರ. ಒಂದೇ ತರಂಗಾಂತರವನ್ನು ಆರಿಸಿ ಹಿಂದಕ್ಕೆ ಕಳುಹಿಸುವ ಪುಟ್ಟದೊಂದು ಗ್ರೇಟಿಂಗ್ ಅಳವಡಿಸಿ ತರಂಗಾಂತರವನ್ನು 976ಕ್ಕೇ ಕಟ್ಟಿಹಾಕಿದ ಪಂಪ್ ಡಯೋಡುಗಳನ್ನು ಮಾರುವವರು ಅಲ್ಲಿರುತ್ತಾರೆ. ನಮ್ಮ ಡಯೋಡಿನ ಸ್ಪೆಕ್ಟ್ರಂನ ಆರು ಮುದ್ರಿತ ಹಾಳೆಗಳನ್ನು ಕಡತದಲ್ಲಿಟ್ಟುಕೊಂಡಿದ್ದೇನೆ. ಕನಿಷ್ಠ ಮೂರು ಮಳಿಗೆಗಳಲ್ಲಿ ಬೆಲೆ ವಿಚಾರಿಸಿ, ಬರೆಸಿಕೊಂಡೇ ಬರಬೇಕೆಂದು ಮೇಡಂ ಹೇಳಿದ್ದಾರೆ. ನಿನ್ನೆ ಸಂಜೆ ಆ ಹುಡುಗನನ್ನೇ ಕೂರಿಸಿಕೊಂಡು ಕೊನೆಯ ಬಾರಿ ಮಾತನಾಡಿದೆ, ಹನ್ನೊಂದು ನಿಮಿಷ ನಲವತ್ತು ಸೆಕೆಂಡುಗಳಾದವು. ಅವನು ಕೈ ಎತ್ತಿ, ಹೊಸ ಗೆರೆಯ ಬಿಂದುಗಳ ಮೇಲೆ ದೋಷದ ಅಂದಾಜು ಎಲ್ಲಿದೆ ಎಂದು ಕೇಳಿದ. ಇವತ್ತು ಅದನ್ನು ಹಾಕಬೇಕು.