ಕೀಮೋ, ಕಾಲರ್, ಬೆರಳು
ಕ್ಯಾನ್ಸರ್ ಗಡ್ಡೆ ತೆಗೆದಾಗಿತ್ತು. ಕೆಂಪು ಔಷಧಿಯ ಕೀಮೋನೂ ಮುಗಿದಿತ್ತು. ಮುಂದಿನ ಔಷಧಿ ಯಾವುದು ಅಂತ ಕೇಳೋಕೆ ಹೋದ ದಿನ ಡಾಕ್ಟರ್, "ಏನು ಕೆಲಸ ಮಾಡ್ತೀರಮ್ಮ?" ಅಂದರು. ಫಾರಂಗೆ ಇರಬೇಕು ಅಂದುಕೊಂಡೆ.

"ಪೀಣ್ಯದಲ್ಲಿ ಗಾರ್ಮೆಂಟ್ಸ್ ಸಾರ್. ಟೈಲರ್. ಕಾಲರ್ ಕೂರಿಸ್ತೀನಿ."

ಅವರು ಪೆನ್ ಕೆಳಗಿಟ್ಟರು. ಮುಂದಕ್ಕೆ ಎರಡರಲ್ಲಿ ಒಂದು ಕೊಡಬಹುದು, ಎರಡೂ ಒಳ್ಳೇ ಔಷಧಿನೇ ಅಂದರು. ಪ್ಯಾಕ್ಲಿಟ್ಯಾಕ್ಸೆಲ್ ಆದರೆ ವಾರಕ್ಕೊಮ್ಮೆ, 12 ಸಲ. ಬೆರಳು ಜೋಮು ಹಿಡಿಯೋದು ಜಾಸ್ತಿ, ಕೆಲವರಿಗೆ ತಿಂಗಳುಗಟ್ಟಲೆ ಹೋಗಲ್ಲ. ಡೋಸಿಟ್ಯಾಕ್ಸೆಲ್ ಆದರೆ 3 ವಾರಕ್ಕೊಮ್ಮೆ, 4 ಸಲ. ಜೋಮು ಕಡಿಮೆ, ಆದರೆ ಬಿಳಿ ರಕ್ತಕಣ ಇಳಿಯುತ್ತೆ, ಸೋಂಕು ಬೇಗ ತಗಲುತ್ತೆ. ಜ್ವರ ಬಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

"ಜೀವ ಮುಖ್ಯ, ಬೆರಳಿಗೇನು?" ಅಂದರು ನಮ್ಮ ಯಜಮಾನರು. ಜೀವ ಉಳಿದ ಮೇಲೆ ಮಗಳ ಫೀಸ್ ಕಟ್ಟೋದು ಈ ಬೆರಳೇ ಅಲ್ವಾ? ಕಾಲರ್ ಹಾಕುವಾಗ ಬಟ್ಟೆಯ ಪದರಗಳನ್ನು ಬೆರಳ ತುದಿಯಲ್ಲೇ ಸರಿಮಾಡಿ ಸೂಜಿ ಕೆಳಗೆ ತಳ್ಳಬೇಕು. ಒಳಪದರ ಒಂದು ನೂಲಿನಷ್ಟು ಜಾರಿದರೂ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ. ಜೋಮು ಹಿಡಿದ ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗೋದು ತಡ. ಡೋಸಿಟ್ಯಾಕ್ಸೆಲ್ಲೇ ಕೊಡಿ ಅಂದೆ.

ಜ್ವರ ಬಂತು, ಅಡ್ಮಿಟ್ ಆದೆ. ಉಗುರೆಲ್ಲ ಕಪ್ಪಾಯಿತು.

ಫ್ಯಾಕ್ಟರಿ ಆಫೀಸಿನವರು, ಸುಮ್ನೆ ರಾಜೀನಾಮೆ ಕೊಟ್ಟು ಪಿಎಫ್ ತಗೊಳ್ಳಿ ಅಂತಿದ್ದರು. ಪಕ್ಕದ ಬೆಡ್‌ನಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದ ಅಗರಬತ್ತಿ ಫ್ಯಾಕ್ಟರಿಯ ಅಕ್ಕ ತಡೆದರು. ಅವರು ಹೇಳಿದ್ದು ಇಷ್ಟು: ಇಎಸ್‌ಐನಲ್ಲಿ, ಅಂದರೆ ಕಾರ್ಮಿಕರ ವಿಮೆಯಲ್ಲಿ, ಮಾಮೂಲಿ ಕಾಯಿಲೆಗೆ ವರ್ಷಕ್ಕೆ 91 ದಿನ, ಸಂಬಳದ 70% ಬರುತ್ತೆ. ಕ್ಯಾನ್ಸರ್‌ಗೆ ಹಾಗಲ್ಲ. 2 ವರ್ಷ ಸರ್ವಿಸ್ ಆಗಿ, ಕಂತು ಸರಿಯಾಗಿ ಕಟ್ಟಿದ್ದರೆ 80%ನಂತೆ 2 ವರ್ಷದವರೆಗೂ ಸಿಗಬಹುದು. ಡಾಕ್ಟರ್ ಸರ್ಟಿಫಿಕೇಟ್ ತಪ್ಪದೆ ಕೊಡುತ್ತಿರಬೇಕು. ಇಷ್ಟು ವಿಷಯ ಆಫೀಸಿನವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ.

ರಾಜೀನಾಮೆ ಕೊಡಲಿಲ್ಲ. ಇಎಸ್‌ಐ ದುಡ್ಡಿನಲ್ಲೇ ರೇಡಿಯೇಷನ್ನೂ ಮುಗಿಯಿತು. ಸೋಮವಾರದಿಂದ ಶುಕ್ರವಾರ ದಿನಾ ಹೋಗಬೇಕು. ಮೆಷಿನ್ ಕೆಳಗೆ ಮಲಗೋದು ಕೆಲವೇ ನಿಮಿಷ, ಬಸ್ಸು ಮತ್ತು ಸರದಿಗೆ ಅರ್ಧ ದಿನ. ಕೆಲಸಕ್ಕೆ ಹೋಗುತ್ತಲೇ ಮಾಡಿಸ್ಕೋಬಹುದು ಅನ್ನೋರು ನಮ್ಮ ಶಿಫ್ಟ್ ನೋಡಿಲ್ಲ.

ಕೆಲಸಕ್ಕೆ ವಾಪಸ್ ಹೋದಾಗ ಮೊದಲು ತೋಳಿನ ಕಫ್ ಹೊಲಿಯೋಕೆ ಕೊಟ್ಟರು. ಟಾರ್ಗೆಟ್ ಮುಟ್ಟೋಕೆ ಆಗುತ್ತಿರಲಿಲ್ಲ, ಹೊಲಿಗೆ ಮಾತ್ರ ನೇರವಾಗಿ ಬರುತ್ತಿತ್ತು. ಆಮೇಲೆ ನಾನೇ ಕೇಳಿ ಕಾಲರ್‌ಗೆ ಬಂದೆ. ಬಂಡಲ್ ಎತ್ತೋದು ಈಗ ಹೆಲ್ಪರ್ ಹುಡುಗಿ. ಆಪರೇಷನ್‌ನಲ್ಲಿ ಕಂಕುಳಿನ ಗಂಟು ತೆಗೆದ ಕಡೆ ಕೈ ಊದಿಕೊಳ್ಳಬಹುದು ಅಂತ ಡಾಕ್ಟರ್ ಚೀಟಿ ಕೊಟ್ಟಿದ್ದೇನೆ. ಸೂಪರ್‌ವೈಸರ್ ಚೀಟಿ ಇಟ್ಟುಕೊಂಡಿದ್ದಾರೆ, ಗೊಣಗೋದು ಬಿಟ್ಟಿಲ್ಲ.