ಬಹರೇನಿನಲ್ಲಿ ತೆನೆ ಹಬ್ಬ, ಬರಲಾಗದವರ ಪಾಲು

ನಮ್ಮ ಕರಾವಳಿಯ ಕ್ಯಾಥೊಲಿಕರ ಮನೆಗಳಲ್ಲಿ ತೆನೆ ಹಬ್ಬದ ದಿನ ಮನೆಯಲ್ಲಿ ಇಲ್ಲದವರಿಗೂ ಒಂದು ಪಾಲು ಇರುತ್ತದೆ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರು ಹುಟ್ಟಿದ ದಿನ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಆ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಮುಂಬೈಗೋ ಗಲ್ಫಿಗೋ ಹೋದ ಮಕ್ಕಳಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸುತ್ತಿದ್ದರು. ದೂರ ಇರುವವರನ್ನು ಬಿಟ್ಟು ಹೊಸ ಅಕ್ಕಿ ತಿನ್ನುವುದು ಹೇಗೆ? ಬಹರೇನಿಗೆ ಬಂದ ಮೇಲೆ ಈ ಹಬ್ಬದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಇದೇ.

ಇಲ್ಲಿ ನಾವು ಹೋಗುವುದು ರಾಜಧಾನಿ ಮನಾಮದ ಸೇಕ್ರೆಡ್ ಹಾರ್ಟ್ ಚರ್ಚಿಗೆ. 1939ರಷ್ಟು ಹಳೆಯದು. 2021ರ ಡಿಸೆಂಬರಿನಲ್ಲಿ ಅವಾಲಿಯಲ್ಲಿ ದೊಡ್ಡ ಕ್ಯಾಥೆಡ್ರಲ್ ಆಯಿತು, ಆದರೆ ಕಾರಿಲ್ಲದವರಿಗೆ ಮನಾಮವೇ ಹತ್ತಿರ. ವಾರದ ರಜೆ ಶುಕ್ರವಾರ, ಹಾಗಾಗಿ ಊರಲ್ಲಿ ಭಾನುವಾರ ಕಾಣುವ ಜನ ಇಲ್ಲಿ ಶುಕ್ರವಾರ ಕಾಣುತ್ತಾರೆ. ಸೆಪ್ಟೆಂಬರ್ 8 ವಾರದ ಮಧ್ಯೆ ಬಂದರೆ ಪೂಜೆಗೆ ಹೋಗಿ ಬಂದು, ಊಟವನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳುತ್ತೇವೆ. 2023ರಲ್ಲಿ ಮಾತ್ರ ಹಬ್ಬವೇ ಶುಕ್ರವಾರ ಬಿತ್ತು. ಆ ವರ್ಷದ ಸಂಭ್ರಮವೇ ಬೇರೆ.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಅಂದರೆ ಹಬ್ಬಕ್ಕೆ ಮುಂಚಿನ ಪ್ರಾರ್ಥನೆ. ಊರಲ್ಲಿ ಮಕ್ಕಳು ಬೇಲಿ ಬದಿಯ ಹೂವನ್ನೆಲ್ಲ ಕಿತ್ತು ತಟ್ಟೆ ತುಂಬ ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಇಲ್ಲಿ ಆ ಸೆಖೆಗೆ ಬೇಲಿ ಹೂವು ಎಲ್ಲಿಂದ ಬರಬೇಕು? ಬಾಲ್ಕನಿಯ ಕುಂಡದಲ್ಲಿ ಒಂದು ದಾಸವಾಳ ಬಿಟ್ಟರೆ ಅದಕ್ಕೆ ಮಕ್ಕಳಲ್ಲೇ ಪೈಪೋಟಿ.

ಅಡುಗೆ ನಡೆಯುವುದು ಒಬ್ಬರು ಆಂಟಿಯ ಫ್ಲ್ಯಾಟಿನಲ್ಲಿ. ನರ್ಸಾಗಿ ಇಲ್ಲಿಗೆ ಬಂದು ಇಲ್ಲೇ ತಲೆ ನರೆತವರು. ಹಿಂದಿನ ರಾತ್ರಿ ಡ್ಯೂಟಿ ಮುಗಿದ ಹಾಗೆ ಒಬ್ಬೊಬ್ಬರೇ ಬರುತ್ತಾರೆ, ಬಂದವರು ಯಾರೂ ಏನು ಮಾಡಲಿ ಅಂತ ಕೇಳುವುದಿಲ್ಲ, ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಕೈಗೆ ಸಿಕ್ಕಿದ ಕೆಲಸ ಹಿಡಿಯುತ್ತಾರೆ. ಹಬ್ಬದ ಊಟದಲ್ಲಿ ಮೀನು ಮಾಂಸ ಇಲ್ಲ. ಪಲ್ಯ, ಪದಾರ್ಥಗಳ ಲೆಕ್ಕ ಬೆಸ ಇರಬೇಕು, ಐದೋ ಏಳೋ ಒಂಬತ್ತೋ. ಕೆಸುವಿನ ದಂಟಿಗೆ ಅಮಟೆಕಾಯಿ ಹಾಕಿದ್ದು, ಬೆಂಡೆ, ಹೀರೆ, ಗೋಡಂಬಿ ಹಾಕಿದ ತೊಂಡೆಕಾಯಿ, ಕೊನೆಗೆ ಬೆಲ್ಲ, ತೆಂಗಿನ ಹಾಲಿನ ಪಾಯಸ. ಅಮಟೆಕಾಯಿ ಸಿಗದ ವರ್ಷ ಹುಣಸೆಹುಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತೆನೆಯನ್ನು ರಜೆ ಮುಗಿಸಿ ಊರಿಂದ ಬರುವವರು ಪೇಪರಿನಲ್ಲಿ ಸುತ್ತಿ, ಬಟ್ಟೆಗಳ ಮಧ್ಯೆ ಇಟ್ಟು ತರುತ್ತಾರೆ. ಪೂಜೆ ಮುಗಿಸಿ ಬಂದು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಸುಲಿಯಲು ಕೊಡುತ್ತೇವೆ. ಕಾಳು ಇನ್ನೂ ಹಸಿ ಇರುತ್ತದೆ, ಉಗುರಿನಲ್ಲಿ ಮೆಲ್ಲಗೆ ಒತ್ತಬೇಕು. ಸ್ವಲ್ಪ ಜೋರಾದರೆ ಅಕ್ಕಿ ಮುರಿದು ಬಿಳಿ ಹಾಲು ಬೆರಳಿಗೆ ಅಂಟುತ್ತದೆ. ಅಪಾರ್ಟ್‌ಮೆಂಟಿನಲ್ಲೇ ಹುಟ್ಟಿ ಬೆಳೆದ ಮಕ್ಕಳು ಅಕ್ಕಿಗೆ ಸಿಪ್ಪೆ ಇರುತ್ತದೆ ಅಂತ ತಿಳಿಯುವುದು ಆ ಹೊತ್ತಿನಲ್ಲಿ.

ನಮ್ಮ ಜೊತೆ ಬೀದರಿನ ಒಬ್ಬ ಹುಡುಗ ಇದ್ದಾನೆ, ಮೆಥೊಡಿಸ್ಟ್ ಅನ್ನುವ ಪ್ರೊಟೆಸ್ಟಂಟ್ ಪಂಗಡದ ಕುಟುಂಬದವನು, ಕಂಪನಿಯ ಕ್ಯಾಂಪಿನಲ್ಲಿ ಇರುತ್ತಾನೆ. ಇದು ಅವನ ಊರಿನ ಹಬ್ಬವಲ್ಲ, ನಮ್ಮ ಕೊಂಕಣಿಯೂ ಅವನಿಗೆ ಬರುವುದಿಲ್ಲ. ಮೊದಲ ಸಲ ಬಂದಾಗ ಪ್ರಾರ್ಥನೆ ಹೊತ್ತಿಗೆ ಬಾಗಿಲ ಹತ್ತಿರ ಹೋಗಿ ನಿಂತಿದ್ದ. ಆಂಟಿ ಅದನ್ನು ನೋಡಿ, ಏನೂ ಹೇಳದೆ, ಕೊಂಕಣಿಯಲ್ಲಿ ಶುರು ಮಾಡಿದ್ದ ಪ್ರಾರ್ಥನೆಯನ್ನು ಕನ್ನಡಕ್ಕೆ ತಿರುಗಿಸಿದರು. ಆಮೇಲೆ, "ಬಾ ಮಗಾ, ನೀನೇ ಮೊದಲು" ಅಂತ ಹೊಸ ಅಕ್ಕಿಯ ಹಾಲಿನ ಲೋಟ ಅವನ ಕೈಗೆ ಕೊಟ್ಟರು. "ನಮ್ ಅವ್ವನೂ ಹಿಂಗೇ ಕರೀತಾಳ್ರಿ" ಅಂದ ಅವನು. ಅಂದಿನಿಂದ ನಮ್ಮ ಹಬ್ಬದ ಪ್ರಾರ್ಥನೆ ಎರಡೂ ಭಾಷೆಯಲ್ಲಿ. ಈಗ ಬಡಿಸಲು ಮೊದಲು ಸೊಂಟ ಕಟ್ಟುವವನು ಅವನೇ.

ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ನನಗೆ ಅರ್ಥವಾಗಿದ್ದು ಆ ದಿನ. ಆದಿ ಸಭೆಯಲ್ಲಿ, ಅಂದರೆ ಮೊದಲ ಕ್ರೈಸ್ತರ ಸಮುದಾಯದಲ್ಲಿ, ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಪಾಲು ಸಿಗುತ್ತಿಲ್ಲ ಅಂತ ದೂರು ಬಂದಾಗ, ಯೇಸುವಿನ ಆಪ್ತ ಶಿಷ್ಯರಾದ ಪ್ರೇಷಿತರು ಅದನ್ನು ಸಣ್ಣ ವಿಷಯ ಅಂತ ಬಿಡಲಿಲ್ಲ. ಊಟದ ಸೇವೆಗೆ ಅಂತಲೇ ಏಳು ಜನರನ್ನು ಆರಿಸಲು ಸಭೆಗೇ ಹೇಳಿ, ಆರಿಸಿದವರಿಗಾಗಿ ಪ್ರಾರ್ಥಿಸಿ, ತಲೆ ಮೇಲೆ ಕೈ ಇಟ್ಟರು. ನಂಬಿಕೆಗಾಗಿ ಪ್ರಾಣ ಕೊಟ್ಟು ಮೊದಲ ರಕ್ತಸಾಕ್ಷಿಯಾದ ಸ್ತೆಫಾನ ಆ ಏಳರಲ್ಲಿ ಒಬ್ಬ. ಬಡಿಸುವ ಕೆಲಸಕ್ಕೆ ಸಭೆಯಲ್ಲಿ ಅಷ್ಟು ಬೆಲೆ ಇತ್ತು ನೋಡಿ.

ಹಾಗಾಗಿ ನಾವು ಎಲೆ ಹಾಕುವ ಮೊದಲು ಡಬ್ಬಿ ಕಟ್ಟುತ್ತೇವೆ. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿ ಇರುವ ನರ್ಸ್‌ಗಳಿಗೆ, ಮನೆಕೆಲಸ ಮಾಡುವ, ಶುಕ್ರವಾರವೂ ಹೊರಗೆ ಬರಲಾಗದ ಅಕ್ಕಂದಿರಿಗೆ, ಹುಷಾರಿಲ್ಲದೆ ರೂಮಿನಲ್ಲಿ ಮಲಗಿದವರಿಗೆ. ಪ್ರತಿ ಡಬ್ಬಿಯಲ್ಲೂ ಎಲ್ಲ ಪಲ್ಯ ಇರಲೇಬೇಕು, ಜೊತೆಗೆ ಚಿಕ್ಕ ಬಾಟಲಿಯಲ್ಲಿ ಹೊಸ ಅಕ್ಕಿಯ ಹಾಲು. ಉಳಿದದ್ದನ್ನು ಕಳಿಸುವುದು ನಮಗೆ ಸರಿ ಅನ್ನಿಸುವುದಿಲ್ಲ. ಮೊದಲು ತೆಗೆದು ಇಡಬೇಕು. ಕಾರಿದ್ದವರು ಡಬ್ಬಿ ಮುಟ್ಟಿಸಿ ವಾಪಸ್ ಬರುವವರೆಗೆ ನಾವು ಊಟಕ್ಕೆ ಕೂರುವುದಿಲ್ಲ, ಎಷ್ಟೇ ಹೊತ್ತಾದರೂ.

ಬಹರೇನಿನಲ್ಲಿದ್ದು, ಯಾರ ಪರಿಚಯವೂ ಇಲ್ಲ ಅಂತ ಹಬ್ಬದ ದಿನ ಪೂಜೆ ಮುಗಿದ ಕೂಡಲೇ ರೂಮಿಗೆ ಹೊರಡುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಹೊರಡಬೇಡಿ. ಅಂಗಳದಲ್ಲಿ ಐದು ನಿಮಿಷ ನಿಲ್ಲಿ. ಕನ್ನಡವೋ ಕೊಂಕಣಿಯೋ ತುಳುವೋ ಕೇಳಿಸಿದ ಕಡೆ ಬಂದು ಸುಮ್ನೆ ಮಾತಾಡಿಸಿ. ಡ್ಯೂಟಿ ಇದ್ದರೆ ಎಲ್ಲಿ ಅಂತ ಹೇಳಿ, ಡಬ್ಬಿ ಅಲ್ಲಿಗೇ ಬರುತ್ತದೆ.